ದಿಲ್ಲಿಯ ರಜೆ, ಹಿಮದ ಗಡಿಯಾರ

ಸಮುದ್ರಮಟ್ಟದಿಂದ ಸುಮಾರು 216 ಮೀಟರ್ ಎತ್ತರದ ಬಯಲಿನಲ್ಲಿರುವ ದಿಲ್ಲಿಯಲ್ಲಿ ಹಿಮ ಬೀಳುವುದಿಲ್ಲವಾದರೂ, ಪಶ್ಚಿಮ ಹಿಮಾಲಯದ ಹಿಮವನ್ನು ಅರಸಿ ಹೋಗುವ ಹವ್ಯಾಸಿಗಳಿಗೆ ಹೆಬ್ಬಾಗಿಲಾಗಿರುವುದು ಈ ನಗರವೇ. ಕಾಶ್ಮೀರಿ ಗೇಟ್ ಮತ್ತು ಮಜ್ನೂ ಕಾ ಟೀಲಾಗಳಿಂದ ಸಂಜೆ ಹೊರಡುವ ಬಸ್ಸುಗಳು 500 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿ ಮರುದಿನ ಬೆಳಿಗ್ಗೆ ಮನಾಲಿಯನ್ನು ಮುಟ್ಟುತ್ತವೆ. ಶ್ರೀನಗರವು ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದೂರದಲ್ಲಿದೆ. ಹೋಳಿ ಕಳೆದು ರಾಜಧಾನಿಯ ಮನೆಗಳಲ್ಲಿ ಫ್ಯಾನು ತಿರುಗತೊಡಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಚಳಿಗಾಲವಿಡೀ ಬಿದ್ದ ಹಿಮವು ಎತ್ತರದ ಇಳಿಜಾರುಗಳಲ್ಲಿ ಇನ್ನೂ ಆಳವಾಗಿಯೇ ಉಳಿದಿರುತ್ತದೆ. ದಿಲ್ಲಿ, ನೊಯಿಡಾ, ಗುರುಗ್ರಾಮಗಳ ನಾಲ್ಕಾರು ಸ್ನೇಹಿತರು ಕೂಡಿ ಕೈಗೊಳ್ಳಬಹುದಾದ ವಸಂತಕಾಲದ ಸ್ಕೀ ಟೂರಿಂಗ್‌ಗೆ ಇದೇ ಹದವಾದ ಕಾಲ. ಆದರೆ ರಜೆಯ ಲೆಕ್ಕವನ್ನು ಹಿಮದ ಲೆಕ್ಕಕ್ಕೆ ಹೊಂದಿಸಿಕೊಳ್ಳುವುದು ಜಾರುವ ಕೌಶಲಕ್ಕಿಂತ ಕಠಿಣವಾದ ವಿದ್ಯೆ.

ಸ್ಕೀ ಎಂದರೆ ಗಟ್ಟಿ ಬೂಟಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರಲು ಬಳಸುವ ನೀಳವಾದ ಪಟ್ಟಿ. ಸಾಮಾನ್ಯ ಸ್ಕೀ ತಾಣಗಳಲ್ಲಿ ಯಂತ್ರವು ಜನರನ್ನು ಮೇಲಕ್ಕೆ ಒಯ್ಯುತ್ತದೆ, ಇಳಿಜಾರನ್ನು ಸಿಬ್ಬಂದಿ ಹದಗೊಳಿಸಿ ಕಾಯುತ್ತಾರೆ. ಈ ಎರಡೂ ಇಲ್ಲದ ಬ್ಯಾಕ್‌ಕಂಟ್ರಿ, ಅಂದರೆ ಕಾವಲಿಲ್ಲದ ಬೆಟ್ಟದಲ್ಲಿ, ಸ್ವಂತ ಕಾಲಬಲದಿಂದ ಹತ್ತಿ ಇಳಿಯುವುದೇ ಸ್ಕೀ ಟೂರಿಂಗ್. ಹತ್ತುವಾಗ ಸ್ಕೀ ಹಿಂದಕ್ಕೆ ಜಾರದಂತೆ ಅದರ ಅಡಿಗೆ ‘ಸ್ಕಿನ್’ ಎಂಬ ರೋಮದ ಪಟ್ಟಿಯನ್ನು ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದ ಇದನ್ನು ಈಗ ನೈಲಾನ್ ಅಥವಾ ಮೇಕೆಯ ಉಣ್ಣೆಯಾದ ಮೊಹೇರ್‌ನಿಂದ ನೇಯುತ್ತಾರೆ. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪಾಗಿಯೂ ತಿರುವಾಗಿ ಸವರಿದರೆ ಒರಟಾಗಿಯೂ ತೋರುವಂತೆ, ಒಂದೇ ದಿಕ್ಕಿಗೆ ಮಲಗಿದ ಈ ರೋಮಗಳು ಮುಂದೆ ಸರಿಯಲು ಬಿಟ್ಟು ಹಿಂದೆ ಜಾರುವುದನ್ನು ತಡೆಯುತ್ತವೆ. ಬೂಟನ್ನು ಸ್ಕೀಗೆ ಜೋಡಿಸುವ ‘ಬೈಂಡಿಂಗ್’ ಏರುವಾಗ ಹಿಮ್ಮಡಿಯನ್ನು ಎತ್ತಲು ಬಿಡುತ್ತದೆ, ಇಳಿಯುವ ಮುನ್ನ ಅದನ್ನು ಬಿಗಿಯಲಾಗುತ್ತದೆ.

ಯುರೋಪಿನಲ್ಲಿ ಈ ಪರಂಪರೆ ಹಳೆಯದು. ಜರ್ಮನಿಯ ವಿಲ್‌ಹೆಲ್ಮ್ ಪೌಲ್ಕೆ ಮತ್ತು ಸಂಗಡಿಗರು 1897ರಲ್ಲೇ ಸ್ವಿಟ್ಜರ್‌ಲೆಂಡಿನ ಬರ್ನೀಸ್ ಓಬರ್‌ಲ್ಯಾಂಡ್ ಪರ್ವತಗಳನ್ನು ಸ್ಕೀಗಳ ಮೇಲೆ ದಾಟಿದ್ದರು. ಭಾರತದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ, 1948ರಲ್ಲಿ, ಸೇನೆಯು ಅಲ್ಲಿಯೇ ತೆರೆದ ಸ್ಕೀ ಶಾಲೆ ಮುಂದೆ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿ ಬೆಳೆಯಿತು, ಮತ್ತು ಅದರ ಮುಖ್ಯಸ್ಥರಾಗಿದ್ದ ನರೇಂದ್ರ ಕುಮಾರ್ 1978ರಲ್ಲಿ ಸಿಯಾಚಿನ್ ಹಿಮನದಿಗೆ ತಂಡವನ್ನು ಒಯ್ದರು. ಹೀಗೆ ಸೈನಿಕರ ವಿದ್ಯೆಯಾಗಿ ಬೇರೂರಿದ ಸ್ಕೀಯಿಂಗ್ ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಗಳ ಮೂಲಕ ನಾಗರಿಕರಿಗೂ ದೊರೆಯಿತು. ಹಿಮದಿಂದ ಬಹುದೂರವಿರುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಿನ್ನ ಗೆದ್ದಿರುವುದನ್ನು ನೋಡಿದರೆ, ಬಯಲು ಸೀಮೆಯವರಿಗಾಗಲಿ ಮಲೆನಾಡಿನವರಿಗಾಗಲಿ ಈ ವಿದ್ಯೆ ನಿಲುಕದ್ದಲ್ಲವೆಂಬುದು ಸ್ಪಷ್ಟ.

ವಸಂತದ ಟೂರಿಂಗ್‌ಗೆ ದಿಲ್ಲಿಯಿಂದ ಮೂರು ದಿಕ್ಕುಗಳು ತೆರೆದಿವೆ. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಿಂದ ಗೊಂಡೊಲಾ ಎಂಬ ತೂಗುಬಂಡಿಯ ಎರಡನೆಯ ಹಂತವು ಅಫರ್ವತ್ ಬೆಟ್ಟದಲ್ಲಿ 3,900 ಮೀಟರಿನ ಆಚೆಗೆ ಒಯ್ಯುತ್ತದೆ. ಆದರೆ ಕಾವಲಿರುವುದು ಮುಖ್ಯ ಇಳಿಜಾರಿಗೆ ಮಾತ್ರ, ಅದರ ಅಕ್ಕಪಕ್ಕದ ಕಣಿವೆಗಳೆಲ್ಲ ಬ್ಯಾಕ್‌ಕಂಟ್ರಿಯೇ. ಮನಾಲಿಯ ಕಡೆ, 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವು, ಹಿಂದೆ ರೋಹ್ತಾಂಗ್ ಕಣಿವೆದಾರಿ ಮುಚ್ಚಿದೊಡನೆ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗುತ್ತಿದ್ದ ಲಾಹೌಲ್‌ನ ಹಿಮದ ಇಳಿಜಾರುಗಳನ್ನು ಹತ್ತಿರ ತಂದಿದೆ. ಉತ್ತರಾಖಂಡದ ಔಲಿಯ ಮೇಲೆ ಗೊರ್ಸೊ ಬುಗ್ಯಾಲ್ ಇದೆ. ಬುಗ್ಯಾಲ್ ಎಂದರೆ ಮರಗಳ ಗಡಿಯ ಮೇಲಿನ ಹುಲ್ಲುಗಾವಲು, ಹಿಮ ಹೊದ್ದಾಗ ಹೊಸಬರ ಅಭ್ಯಾಸಕ್ಕೆ ತಕ್ಕಷ್ಟು ಸೌಮ್ಯವಾದ ನೆಲ.

ವಸಂತದ ಹಿಮ ಚಳಿಗಾಲದ ಪುಡಿಹಿಮಕ್ಕಿಂತ ಬೇರೆಯಾಗಲು ಕಾರಣ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆವರ್ತನೆ. ದಿನದಿನವೂ ಹೀಗೆ ನಡೆದಾಗ ಹಿಮದ ಹರಳುಗಳ ಮೊನೆಗಳೆಲ್ಲ ಕರಗಿ, ಅವು ಒಂದಕ್ಕೊಂದು ಬೆಸೆದು, ಸಬ್ಬಕ್ಕಿಯಂತಹ ದುಂಡು ಕಾಳುಗಳಾಗುತ್ತವೆ. ಮೋಡವಿಲ್ಲದ ರಾತ್ರಿಯಲ್ಲಿ ಹಿಮವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಮಾತ್ರ ಸಡಿಲಗೊಂಡು ಸ್ಕೀಗೆ ಅತ್ಯುತ್ತಮ ನೆಲ ಸಿದ್ಧವಾಗುತ್ತದೆ. ಆದರೆ ಈ ಹದ ಉಳಿಯುವುದು ಸ್ವಲ್ಪ ಹೊತ್ತು ಮಾತ್ರ: ನೀರು ಕೆಳಪದರಗಳಿಗೆ ಇಳಿದರೆ ಕಾಳುಗಳ ನಡುವಿನ ಬೆಸುಗೆ ಬಿಟ್ಟು, ಇಡೀ ಇಳಿಜಾರು ಗಂಜಿಯಂತಾಗಿ, ಒದ್ದೆ ಹಿಮದ ಕುಸಿತಕ್ಕೆ ದಾರಿಯಾಗುತ್ತದೆ. ಪೂರ್ವದ ಮುಖ ಮೊದಲು, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು ಮೆತ್ತಗಾಗುವುದರಿಂದ ಇಳಿಯುವ ಮುಖವನ್ನೂ ಗಂಟೆಯನ್ನೂ ಜೊತೆಯಾಗಿಯೇ ಗೊತ್ತುಮಾಡಬೇಕಾಗುತ್ತದೆ. ಆಲ್ಪ್ಸ್ ಪರ್ವತಗಳು 46 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದ್ದರೆ ಗುಲ್ಮಾರ್ಗ್ 34 ಡಿಗ್ರಿಯಲ್ಲೂ ಔಲಿ 30 ಡಿಗ್ರಿಯ ಸಮೀಪದಲ್ಲೂ ಇರುವುದರಿಂದ ಇಲ್ಲಿನ ಏಪ್ರಿಲ್ ಬಿಸಿಲು ಹೆಚ್ಚು ನೆಟ್ಟಗೆ ಬೀಳುತ್ತದೆ. ಆದ್ದರಿಂದ ಯುರೋಪಿನ ಕೈಪಿಡಿಗಳ ವೇಳಾಪಟ್ಟಿಯನ್ನು ಹಾಗೆಯೇ ಅನುಸರಿಸುವಂತಿಲ್ಲ. ಬೆಳಕು ಹರಿಯುವ ಮುನ್ನ ಹೊರಟು ಮಧ್ಯಾಹ್ನಕ್ಕೆ ಬಹಳ ಮುಂಚೆ ಇಳಿದು ಮುಗಿಸುವುದು, ಬೂಟು ಹಿಮದಲ್ಲಿ ಹರಡಿನವರೆಗೆ ಹೂತುಹೋಗತೊಡಗಿದರೆ ಆ ಇಳಿಜಾರನ್ನು ಕೂಡಲೇ ಬಿಡುವುದು ಇಲ್ಲಿಯ ಮೊದಲ ನಿಯಮ. ರಾತ್ರಿ ಮೋಡ ಕವಿದು ಹಿಮ ಹೆಪ್ಪುಗಟ್ಟದಿದ್ದರೆ ಅಂದು ಹೊರಡದಿರುವುದು ಎರಡನೆಯದು.

ಅಪಾಯದ ತೂಕವನ್ನು ಗುಲ್ಮಾರ್ಗ್‌ನ ಇತಿಹಾಸವೇ ಹೇಳುತ್ತದೆ. 2010ರ ಫೆಬ್ರವರಿಯಲ್ಲಿ ಅಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು, 2023ರ ಫೆಬ್ರವರಿಯಲ್ಲಿ ಇಬ್ಬರು ಪೋಲಿಷ್ ಸ್ಕೀಗಾರರು, 2024ರ ಫೆಬ್ರವರಿಯಲ್ಲಿ ಒಬ್ಬ ರಷ್ಯನ್ ಸ್ಕೀಗಾರ ಹಿಮಕುಸಿತಕ್ಕೆ ಬಲಿಯಾದರು. ಇವು ನಡುಚಳಿಗಾಲದ ದುರಂತಗಳು. ವಸಂತದಲ್ಲಿ ಹಳೆಯ ಪದರಗಳು ಬಹುಮಟ್ಟಿಗೆ ಕುಳಿತುಕೊಂಡರೂ, ಪಶ್ಚಿಮದ ವಾಯುಕ್ಷೋಭೆ, ಅಂದರೆ ಮೆಡಿಟರೇನಿಯನ್ ಕಡೆಯಿಂದ ಬರುವ ತೇವಭರಿತ ಮಾರುತಗಳು, ಏಪ್ರಿಲ್‌ನಲ್ಲೂ ಹೊಸ ಹಿಮ ಸುರಿಸಿ ಲೆಕ್ಕವನ್ನು ಬುಡಮೇಲು ಮಾಡಬಲ್ಲವು. ಹಲಗೆಯಂತೆ ಒಡೆದು ಜಾರುವ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ವಾಟವಿರುವ ಇಳಿಜಾರುಗಳಲ್ಲಿ ಆಗುವುದರಿಂದ, ವಾಟವನ್ನು ಅಳೆದು ದಾರಿ ಹಿಡಿಯುವುದು ಅಗತ್ಯ. ಪ್ರತಿಯೊಬ್ಬರ ಮೈಮೇಲೂ ಟ್ರಾನ್ಸೀವರ್ ಇರಬೇಕು. ಅದು 457 ಕಿಲೋಹರ್ಟ್ಸ್ ಆವರ್ತಾಂಕದಲ್ಲಿ ಸಂಕೇತ ಬಿಟ್ಟು ಹೂತವರಿರುವ ಜಾಗವನ್ನು ತೋರಿಸುತ್ತದೆ. ಜೊತೆಗೆ, ಹಿಮದೊಳಗೆ ಚುಚ್ಚಿ ನೋಡುವ ಪ್ರೋಬ್ ಎಂಬ ಉದ್ದನೆಯ ಕೋಲು ಮತ್ತು ಅಗೆಯುವ ಸಲಿಕೆ ಇರಬೇಕು. ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ವೇಗವಾಗಿ ಕುಸಿಯುವುದರಿಂದ, ಹೊರಗಿನ ಸಹಾಯ ಬರುವ ಮೊದಲೇ ಕಾಪಾಡಬಲ್ಲವರು ಜೊತೆಗಿರುವ ಸ್ನೇಹಿತರು ಮಾತ್ರ.

ಮುನ್ಸೂಚನೆಯ ವಿಷಯದಲ್ಲಿ ರಾಜಧಾನಿಯ ಪಾತ್ರ ದೊಡ್ಡದು. ಲೋಧಿ ರಸ್ತೆಯ ಮೌಸಮ್ ಭವನದಲ್ಲಿರುವ ಭಾರತೀಯ ಹವಾಮಾನ ಇಲಾಖೆ ವಾಯುಕ್ಷೋಭೆಗಳ ಮುನ್ಸೂಚನೆ ನೀಡುತ್ತದೆ. ದಿಲ್ಲಿಯ ರಕ್ಷಣಾ ಭೂಪ್ರದೇಶ ಪ್ರಯೋಗಾಲಯವನ್ನೂ, ಮನಾಲಿಯಲ್ಲಿ ಹುಟ್ಟಿದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯನ್ನೂ 2020ರಲ್ಲಿ ಕೂಡಿಸಿ ರೂಪಿಸಿದ ಡಿಜಿಆರ್‌ಇ ಸಂಸ್ಥೆಯು ಹಿಮಕುಸಿತದ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಇವು ಇಡೀ ವಲಯಕ್ಕೆ ಸಂಬಂಧಿಸಿದ ಸೂಚನೆಗಳಾದ್ದರಿಂದ, ಕಣ್ಣೆದುರಿನ ಒಂದು ಇಳಿಜಾರಿನ ತೀರ್ಮಾನವನ್ನು ತಂಡವೇ ಮಾಡಬೇಕಾಗುತ್ತದೆ. ಉಪಗ್ರಹ ಫೋನು ಮತ್ತು ಸಂದೇಶ ಸಾಧನಗಳನ್ನು ಪರವಾನಗಿಯಿಲ್ಲದೆ ಬಳಸುವುದು ಭಾರತದಲ್ಲಿ ಅಪರಾಧವೆಂಬುದನ್ನೂ ವಿದೇಶಿ ಗೆಳೆಯರಿರುವ ತಂಡಗಳು ಮರೆಯಬಾರದು.

ತೀರ್ಮಾನ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್ ಏಳುನೂರಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿ ವಿವರಿಸಿದ್ದಾರೆ. ಪರಿಚಿತ ಜಾಗವೆಂಬ ಧೈರ್ಯ, ಒಮ್ಮೆ ಇಟ್ಟ ಗುರಿಗೆ ಅಂಟಿಕೊಳ್ಳುವುದು, ಅನುಭವಿಯೆನಿಸಿದವರ ಮಾತಿಗೆ ಸುಮ್ಮನಾಗುವುದು, ಸಂಗಡಿಗರ ಮೆಚ್ಚುಗೆಯ ಆಸೆ, ಇವೆಲ್ಲ ಕಣ್ಣಿಗೆ ಕಾಣುವ ಅಪಾಯವನ್ನೂ ಮರೆಮಾಡುತ್ತವೆ. ಗುರುವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಕಚೇರಿಗೆ ಹಾಜರಾಗಬೇಕಾದ ದಿಲ್ಲಿಯ ತಂಡದಲ್ಲಿ ಗುರಿಗೆ ಅಂಟಿಕೊಳ್ಳುವ ಒತ್ತಡ ಇನ್ನಷ್ಟು ಬಲವಾಗಿರುತ್ತದೆ, ಏಕೆಂದರೆ ಅವರಿಗೆ ಸಿಕ್ಕಿರುವುದು ಒಂದೆರಡು ಬೆಳಗು ಮಾತ್ರ. ಬಯಲಿನಿಂದ ಬಂದ ದೇಹಕ್ಕೂ ಕಾಲಾವಕಾಶ ಬೇಕು. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬ ವೈದ್ಯಕೀಯ ಸಲಹೆಯು ವಾರಾಂತ್ಯದ ಅವಸರಕ್ಕೆ ಒಗ್ಗುವುದಿಲ್ಲ.

ಆದುದರಿಂದ ಒಳ್ಳೆಯ ತಂಡದ ಲಕ್ಷಣಗಳು ಸರಳವಾದರೂ ಕಟ್ಟುನಿಟ್ಟಾದವು: ಸಂಖ್ಯೆ ಚಿಕ್ಕದಾಗಿರಬೇಕು, ಅಪಾಯದ ಇಳಿಜಾರನ್ನು ಒಮ್ಮೆಗೆ ಒಬ್ಬರೇ ದಾಟಬೇಕು, ಮರಳುವ ಗಂಟೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿರಬೇಕು, ಎಲ್ಲರಿಗಿಂತ ಹೊಸಬರು ‘ಬೇಡ’ ಎಂದರೂ ಆ ಮಾತು ನಡೆಯಬೇಕು. ಹೊಸದಾಗಿ ಕಲಿಯುವವರು ಗುಲ್ಮಾರ್ಗ್ ಅಥವಾ ಮನಾಲಿಯ ಸಂಸ್ಥೆಯಲ್ಲಿ ಒಂದು ತರಬೇತಿಯನ್ನು ಮುಗಿಸಿ, ಟ್ರಾನ್ಸೀವರ್ ಹುಡುಕಾಟವನ್ನು ದಿಲ್ಲಿಯ ಯಾವುದಾದರೂ ಉದ್ಯಾನದಲ್ಲೇ ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿ, ಆಮೇಲೆ ಪರಿಣತ ಮಾರ್ಗದರ್ಶಕರೊಡನೆ ಹೊರಡುವುದು ಲೇಸು. ಟಿಕೆಟ್ ಕಾಯ್ದಿರಿಸುವಾಗಲೇ ಎರಡು ಬಿಡುವಿನ ದಿನಗಳನ್ನು ಸೇರಿಸಿಕೊಳ್ಳಿ. ಹಿಮ ಹೆಪ್ಪುಗಟ್ಟದ ಬೆಳಗಿನಲ್ಲಿ ಸುಮ್ಮನೆ ಕುಳಿತಿರಲು ಆ ದಿನಗಳು ಬೇಕಾಗುತ್ತವೆ.