ರಕ್ಷಣೆಗೆ ಸುರಿದ ಹಣ ನಾಡನ್ನು ಬೆಳೆಸೀತೇ?

ಜಯನಗರದಲ್ಲೋ ಬನಶಂಕರಿಯಲ್ಲೋ ಹಸಿರು ಮಾರ್ಗದ ಮೆಟ್ರೊ ಹತ್ತಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯದ ಸಂಗತಿ ತಿಳಿದಿರಲಾರದು. 'ನಮ್ಮ ಮೆಟ್ರೊ'ದ ಮೊದಲ ಹಂತದ ಬೋಗಿಗಳ ಮೂಲ ಹುಡುಕುತ್ತ ಹೋದರೆ ಎರಡನೆಯ ಮಹಾಯುದ್ಧವನ್ನು ಮುಟ್ಟುತ್ತೇವೆ! ಬೋಗಿಗಳನ್ನು ಕೊಟ್ಟದ್ದು ಬಿ.ಇ.ಎಂ.ಎಲ್. 1964ರಲ್ಲಿ ಆರಂಭವಾದಾಗ ಅದರ ಕೈಗೆ ಬಂದದ್ದು ಎಚ್.ಎ.ಎಲ್.ನ ರೈಲು ಬೋಗಿ ವಿಭಾಗ. ಎಚ್.ಎ.ಎಲ್. ಆದರೋ ಯುದ್ಧಕಾಲದ ಕೂಸು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಅದನ್ನು ಕಟ್ಟಿದರು. ಯುದ್ಧ ಮುಗಿದ ಮೇಲೆ ಅಲ್ಲಿ ರೈಲು ಬೋಗಿಗಳೂ ತಯಾರಾಗತೊಡಗಿದವು.

1954ರಲ್ಲಿ ಸೈನ್ಯದ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ ಬಿ.ಇ.ಎಲ್. ಹುಟ್ಟಿತು. ನಾವು ಮತ ಹಾಕುವ ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಅದೂ ಒಂದು. ಈ ಕಾರ್ಖಾನೆಗಳ ಸಂಬಳದಿಂದ ಎಷ್ಟೋ ಮನೆಗಳು ಎದ್ದವು, ಮಕ್ಕಳು ಓದಿ ಮುಂದೆ ಬಂದರು. ಹಾಗಾದರೆ ರಕ್ಷಣಾ ವೆಚ್ಚ ಹೆಚ್ಚಿದಷ್ಟೂ ದೇಶ ಬೆಳೆಯುತ್ತದೆ ಎನ್ನೋಣವೇ?

ಅವಸರ ಬೇಡ. ಲಾಭ ಕಂಡದ್ದು ಬೆಂಗಳೂರು. ಹಣ ಕೊಟ್ಟದ್ದು ಇಡೀ ದೇಶದ ತೆರಿಗೆದಾರ. ಅದೇ ಹಣದಲ್ಲಿ ಬೀದರಿನಲ್ಲೊಂದು ಶಾಲೆಯನ್ನೋ ರಾಯಚೂರಿನಲ್ಲೊಂದು ಕಾಲುವೆಯನ್ನೋ ಕಟ್ಟಬಹುದಿತ್ತು. ಹೀಗೆ ಕೈಬಿಟ್ಟುಹೋದ ಪ್ರಯೋಜನವನ್ನೇ ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಎನ್ನುತ್ತಾರೆ. 1962ರ ಚೀನಾ ಯುದ್ಧದ ನಂತರ ನಮ್ಮ ರಕ್ಷಣಾ ವೆಚ್ಚ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ. 2ರಿಂದ ಶೇ. 4ರ ಸಮೀಪಕ್ಕೆ ಏರಿತು. 1965ರಲ್ಲಿ ಮತ್ತೊಂದು ಯುದ್ಧ, ಅದರ ಬೆನ್ನಿಗೇ ಬರಗಾಲ. 1966ರಲ್ಲಿ ರೂಪಾಯಿಯ ಬೆಲೆ ಇಳಿಸಬೇಕಾಯಿತು. ನಾಲ್ಕನೆಯ ಪಂಚವಾರ್ಷಿಕ ಯೋಜನೆ 1969ರವರೆಗೆ ಮುಂದೆ ಹೋಯಿತು. ಇದಕ್ಕೆಲ್ಲ ರಕ್ಷಣಾ ವೆಚ್ಚವೊಂದೇ ಕಾರಣವಲ್ಲ. ಆದರೆ ಅದರ ಭಾರ ಸಣ್ಣದೇನಾಗಿರಲಿಲ್ಲ.

ವಿದ್ವಾಂಸರಲ್ಲೂ ಒಮ್ಮತವಿಲ್ಲ. ಎಮಿಲ್ ಬೆನುವಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1950ರಿಂದ 65ರವರೆಗಿನ 44 ಹಿಂದುಳಿದ ದೇಶಗಳ ಲೆಕ್ಕ ನೋಡಿ, ರಕ್ಷಣೆಗೆ ಹೆಚ್ಚು ಖರ್ಚು ಮಾಡಿದ ದೇಶಗಳೇ ವೇಗವಾಗಿ ಬೆಳೆದಿವೆ ಎಂದು 1973ರಲ್ಲಿ ಪ್ರಕಟಿಸಿದಾಗ ಹಲವರು ಹುಬ್ಬೇರಿಸಿದರು. ವಿದೇಶಿ ನೆರವು ಧಾರಾಳವಾಗಿ ಬಂದ ಕಡೆ ಸೈನ್ಯವೂ ಬೆಳೆದೀತು, ಉತ್ಪನ್ನವೂ ಬೆಳೆದೀತು. ಎರಡು ಸಂಗತಿಗಳು ಜೊತೆಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ವಿದ್ಯಾರ್ಥಿಗಳು ಇದನ್ನು ಸದಾ ನೆನಪಿಡಬೇಕು. ದಶಕಗಳ ಕಾಲ ರಕ್ಷಣೆಗೆ ಶೇ. 1ರ ಆಸುಪಾಸು ಖರ್ಚು ಮಾಡಿದ ಜಪಾನ್ ಸಿರಿವಂತವಾಯಿತು. ಶಸ್ತ್ರಾಸ್ತ್ರಕ್ಕೆ ಅಪಾರ ಹಣ ಸುರಿದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು. ಅತ್ತ ದಕ್ಷಿಣ ಕೊರಿಯಾ ದೊಡ್ಡ ಸೈನ್ಯವನ್ನು ಸಾಕಿಕೊಂಡೇ ಬೆಳೆಯಿತು.

ಆದ್ದರಿಂದ ಎಷ್ಟು ಖರ್ಚಾಯಿತು ಎಂಬುದರಷ್ಟೇ, ಹೇಗೆ ಖರ್ಚಾಯಿತು ಎಂಬುದೂ ಮುಖ್ಯ. 2025-26ರ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ; ಒಟ್ಟು ವೆಚ್ಚದ ಶೇ. 13ಕ್ಕೂ ಹೆಚ್ಚು. ಅದರಲ್ಲಿ ಪಿಂಚಣಿಗೇ ಸುಮಾರು 1.61 ಲಕ್ಷ ಕೋಟಿ. ವಿಮಾನ, ಹಡಗು, ಆಯುಧಗಳಂಥ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ನಾಡಿಗಾಗಿ ದುಡಿದವರಿಗೆ ಪಿಂಚಣಿ ಸಲ್ಲಲೇಬೇಕು. ಆದರೆ ಅದರಿಂದ ಹೊಸ ಕಾರ್ಖಾನೆ ಏಳುವುದಿಲ್ಲ. ಬಂಡವಾಳದ ಹಣವೂ ಪೂರ್ತಿ ಇಲ್ಲೇ ಉಳಿಯುವುದಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ 'ತೇಜಸ್' ನಮ್ಮದೇ ವಿನ್ಯಾಸ. ಅದರ ಎಂಜಿನ್ ಮಾತ್ರ ಅಮೆರಿಕದ್ದು. ಎಂಜಿನ್ನಿಗೆ ಕೊಟ್ಟ ಹಣದ ಜೊತೆಗೆ ಅದನ್ನು ಮಾಡಿ ಕಲಿಯುವ ಅವಕಾಶವೂ ಹೊರಗೆ ಹೋಗುತ್ತದೆ.

ಗಡಿ ಭದ್ರವಿಲ್ಲದ ನಾಡಿನಲ್ಲಿ ಯಾರೂ ಬಂಡವಾಳ ಹೂಡುವುದಿಲ್ಲ ಎಂಬುದು ನಿಜ. ರಕ್ಷಣಾ ವೆಚ್ಚ ಮನೆಯ ಬಾಗಿಲಿಗೆ ಹಾಕಿದ ಬೀಗದಂತೆ. ಬೀಗ ಬೇಕೇ ಬೇಕು, ಆದರೆ ಅದು ಅನ್ನ ಬೇಯಿಸದು. ಬೀಗ ಮಾಡುವ ಕಸುಬನ್ನು ಮನೆಯ ಮಕ್ಕಳೇ ಕಲಿತರೆ ಮಾತು ಬೇರೆ. ಮುಂದಿನ ಫೆಬ್ರವರಿಯಲ್ಲಿ ಮುಂಗಡಪತ್ರ ಬಂದಾಗ ತಂದೆ ತಾಯಿ ಮಕ್ಕಳೊಡನೆ ಕುಳಿತು ಮೂರು ಅಂಕಿಗಳನ್ನು ನೋಡಲಿ: ರಕ್ಷಣೆಗೆ ಒಟ್ಟು ಎಷ್ಟು, ಅದರಲ್ಲಿ ಬಂಡವಾಳಕ್ಕೆ ಎಷ್ಟು, ಶಿಕ್ಷಣಕ್ಕೆ ಎಷ್ಟು.