ಮಂಡಿನೋವು ಮತ್ತು ಎರಡು ಗಂಟೆಯ ಲೆಕ್ಕ

"ಮಂಡಿ ಸವೆದಿದೆ ಅಂತ ಡಾಕ್ಟರೇ ಹೇಳಿದ್ದಾರೆ. ನಡೆದರೆ ಇನ್ನಷ್ಟು ಸವೆಯಲ್ವಾ?" ಮಂಡಿನೋವಿರುವ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 'ಸವೆತ' ಎಂಬ ಮಾತೇ ಈ ಹೆದರಿಕೆ ಹುಟ್ಟಿಸುವುದು. ಚಪ್ಪಲಿಯ ಅಟ್ಟೆ ಸವೆಯುವುದನ್ನು ಕಂಡವರಿಗೆ ಮಂಡಿಯೂ ಹಾಗೇ ಅನ್ನಿಸುತ್ತದೆ. ಆದರೆ ಚಪ್ಪಲಿಗೆ ಜೀವವಿಲ್ಲ, ಕೀಲಿಗಿದೆ.

ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಮುಖ್ಯವಾಗಿ ಕೀಲಿನೊಳಗಿನ ಲೋಳೆಯಂಥ ದ್ರವದಿಂದ. ಹೆಜ್ಜೆ ಊರಿದಾಗ ಅದು ಸ್ಪಂಜಿನಂತೆ ಒತ್ತಿಕೊಳ್ಳುತ್ತದೆ, ಎತ್ತಿದಾಗ ದ್ರವ ಹೀರಿಕೊಳ್ಳುತ್ತದೆ. ಕೂತಲ್ಲೇ ಕೂತರೆ ಈ ಕೆಲಸ ಕುಂಟುತ್ತದೆ. ಜೊತೆಗೆ, ನೋವು ಮತ್ತು ಬಾವು ಇರುವಾಗ ತೊಡೆಯ ಮುಂಭಾಗದ ಸ್ನಾಯು ಪೂರ್ತಿ ಬಿಗಿಯಲಾರದೆ ಬೇಗ ಸೊರಗುತ್ತದೆ. ಹೆಜ್ಜೆಯ ಏಟನ್ನು ಮಂಡಿಗೆ ತಾಗದಂತೆ ತಡೆಯುವುದು ಬಹುಮಟ್ಟಿಗೆ ಅದೇ ಸ್ನಾಯು.

ಹಾಗಾದರೆ ನೋವಿದ್ದರೂ ವ್ಯಾಯಾಮ ಮಾಡಬೇಕೆ? ಮಾಡಬೇಕು, ಅಳತೆಯಿಟ್ಟು. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿಗೆ 2-3ರಷ್ಟು ನೋವು ಬಂದರೆ ಗಾಬರಿ ಬೇಡ. ಮುಗಿಸಿ ಎರಡು ಗಂಟೆ ಕಳೆದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ, ಇಲ್ಲವೇ ಮರುದಿನ ಬೆಳಗ್ಗೆ ಮಂಡಿ ಊದಿದ್ದರೆ, ಮಾಡಿದ್ದು ಜಾಸ್ತಿಯಾಯಿತು ಎಂದೇ ಅರ್ಥ. ಆಗ ಪೂರ್ತಿ ನಿಲ್ಲಿಸಬೇಡಿ, ಸಂಖ್ಯೆ ಅರ್ಧಕ್ಕಿಳಿಸಿ. ಚುಚ್ಚಿದಂಥ ತೀಕ್ಷ್ಣ ನೋವು ಬಂದರೆ ಮಾತ್ರ ಆ ಕ್ಷಣವೇ ಬಿಟ್ಟುಬಿಡಿ.

ಬಿಸಿನೀರಿನ ಸ್ನಾನವಾದ ಮೇಲೆ ಕೀಲು ಸಡಿಲವಾಗಿರುತ್ತದೆ, ಶುರುಮಾಡಲು ಅದು ಒಳ್ಳೆಯ ಹೊತ್ತು. ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಅದುಮುವಂತೆ ತೊಡೆ ಬಿಗಿಯಿರಿ. 5 ಸೆಕೆಂಡ್ ಹಿಡಿದು ಬಿಡಿ. ಉಸಿರು ಕಟ್ಟಬೇಡಿ. ಹತ್ತು ಸಲ ಸುಲಭವಾದರೆ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿ ಒಂದಡಿ ಎತ್ತಿ ನಿಧಾನವಾಗಿ ಇಳಿಸಿ. ಆಮೇಲೆ ಕುರ್ಚಿಯಿಂದ ಎದ್ದು ಕೂರುವುದು. ನನ್ನ ಕೇಳಿದರೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದೇ, ದಿನವಿಡೀ ನಾವು ಮಾಡುವ ಕೆಲಸವೇ ಅದು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಗೋಡೆಗೆ ತಾಗಿಸಿಡಿ. ಕಷ್ಟವಾದರೆ ಮೇಲೊಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ಸ್ನಾಯು ಎಳೆಯುವಾಗ ಹಿತವಾದ ಸೆಳೆತ ಸಿಕ್ಕಲ್ಲಿ ನಿಲ್ಲಿಸಿ 20-30 ಸೆಕೆಂಡ್ ಇರಿ. ಜಗ್ಗಿ ಜಗ್ಗಿ ಎಳೆಯಬಾರದು. ತೊಡೆಯ ಹಿಂಭಾಗ, ಮೀನಖಂಡ ಎರಡನ್ನೂ ಮರೆಯಬೇಡಿ. ಹಿತವೆಂದು ರಾತ್ರಿಯೆಲ್ಲ ಮಂಡಿಯಡಿ ದಿಂಬಿಟ್ಟು ಮಲಗುವ ಅಭ್ಯಾಸ ಬಹಳ ಜನಕ್ಕಿದೆ. ದಯವಿಟ್ಟು ಬಿಡಿ, ಕಾಲು ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡು ನೇರ ಮಾಡಲಾಗದಂತಾಗುತ್ತದೆ. ವಜ್ರಾಸನ, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಹೊತ್ತುಗಟ್ಟಲೆ ಕೂರುವುದು ನೋವು ಹೆಚ್ಚಿಸುವುದಾದರೆ ಸದ್ಯಕ್ಕೆ ಬೇಡ.

ಮೇಲಿನದೆಲ್ಲ ಸವೆತದ ಮಂಡಿನೋವಿಗೆ. ರುಮಟಾಯ್ಡ್ ಆರ್ಥ್ರೈಟಿಸ್ ಬೇರೆ ಕಾಯಿಲೆ. ಅಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿ ಬೀಳುತ್ತದೆ. ಬೆಳಗಿನ ಬಿಗಿತ ಗಂಟೆಗೂ ಹೆಚ್ಚು ಇರಬಹುದು. ಈ ಕಾಯಿಲೆಯವರಿಗೂ ವ್ಯಾಯಾಮ ಬೇಕು. ಆದರೆ ಕೀಲು ಬಿಸಿಯಾಗಿ ಊದಿರುವ ದಿನ ಎಳೆಯುವುದು, ಭಾರ ಎತ್ತುವುದು ಬೇಡ, ನೋಯದಷ್ಟು ದೂರ ಮೆಲ್ಲಗೆ ಆಡಿಸಿದರೆ ಸಾಕು. ಬಹುಕಾಲದಿಂದ ಈ ಕಾಯಿಲೆಯಿರುವವರಲ್ಲಿ ಕುತ್ತಿಗೆಯ ಮೇಲಿನ ಮೂಳೆಗಳು ಸಡಿಲಾಗಿರುವ ಸಾಧ್ಯತೆಯಿದೆ. ವೈದ್ಯರನ್ನು ಕೇಳದೆ ಕುತ್ತಿಗೆ ಬಗ್ಗಿಸುವ ಆಸನಗಳಿಗೆ, ಶೀರ್ಷಾಸನಕ್ಕೆ ಹೋಗಬಾರದು.

ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ ಊದಿದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೋಲು ಹಿಡಿಯುವವರು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಸ್ನಾಯುವಿಗೆ ಬಲ ಬರಲು 6ರಿಂದ 8 ವಾರ ಹಿಡಿಯುತ್ತದೆ. ಎರಡನೇ ವಾರದಲ್ಲಿ ಏನೂ ಕಾಣದೆ ಬೇಸತ್ತು ಬಿಡುವವರೇ ಹೆಚ್ಚು. ನೋವನ್ನಷ್ಟೇ ನೋಡುತ್ತಿರಬೇಡಿ. ಮೊದಲು ಬದಲಾಗುವುದು ಬೇರೆ ಏನೋ ಆಗಿರಬಹುದು: ಸೋಫಾದಿಂದ ಕೈಯೂರದೆ ಎದ್ದಿರುತ್ತೀರಿ, ಬಸ್ಸಿನ ಮೊದಲ ಮೆಟ್ಟಿಲು ಅಷ್ಟು ಎತ್ತರ ಅನ್ನಿಸಿರುವುದಿಲ್ಲ.