ಎದೆಯೊಳಗಿನ ತಾಳ ತಪ್ಪಿದಾಗ

ಕಛೇರಿಯಲ್ಲಿ ಮೃದಂಗ ಒಂದು ಪೆಟ್ಟು ತಪ್ಪಿದರೆ ಸಭೆಯಲ್ಲಿ ಪಿಸುಮಾತು ಏಳುತ್ತದೆ. ನಮ್ಮ ಹೃದಯವಾದರೋ ದಿನಕ್ಕೆ ಸುಮಾರು ಒಂದು ಲಕ್ಷ ಪೆಟ್ಟು ಹಾಕುತ್ತದೆ. ಅದಕ್ಕೆ ತಾಳ ಹಿಡಿಯುವವರು ಯಾರು?

ಹೃದಯದ ಬಲ ಮೇಲ್ಕೋಣೆಯಲ್ಲಿ 'ಸೈನಸ್ ನೋಡ್' ಎಂಬ ಪುಟ್ಟ ಗಂಟಿದೆ. ನಾವು ವಿಶ್ರಾಂತಿಯಲ್ಲಿದ್ದಾಗ ಅದು ನಿಮಿಷಕ್ಕೆ 60ರಿಂದ 100 ವಿದ್ಯುತ್ ಸಂಕೇತಗಳನ್ನು ಕಳಿಸುತ್ತದೆ. ಮೇಲ್ಕೋಣೆಗಳನ್ನು ದಾಟಿದ ಸಂಕೇತ 'ಎ.ವಿ. ನೋಡ್' ಎಂಬ ಇನ್ನೊಂದು ಗಂಟಿಗೆ ಬರುತ್ತದೆ. ಇದನ್ನು 1906ರಲ್ಲಿ ವಿವರಿಸಿದವರು ಜರ್ಮನಿಯಲ್ಲಿ ಸಂಶೋಧನೆ ಮಾಡಿದ ಜಪಾನಿನ ಸುನಾವೊ ತವಾರ. ಅವರೂ ನಮ್ಮಂತೆ ಪರದೇಶಿಯೇ! ಇಲ್ಲಿ ಸಂಕೇತ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆಯುತ್ತದೆ. ಮೇಲ್ಕೋಣೆಗಳ ರಕ್ತ ಕೆಳಗಿಳಿಯಲು ಆ ಬಿಡುವು ಬೇಕು. ಬಳಿಕ ಅದು ಎಡ-ಬಲ ಕವಲುಗಳಲ್ಲಿ ಹರಿದು ಕೆಳಕೋಣೆಗಳನ್ನು ಮಿಡಿಸುತ್ತದೆ.

ಈ ತಡೆ ಅತಿಯಾದರೆ, ಅಥವಾ ಸಂಕೇತಗಳು ದಾಟದೇ ಹೋದರೆ, ಅದೇ 'ಹಾರ್ಟ್ ಬ್ಲಾಕ್'. ರಕ್ತನಾಳ ಕಟ್ಟಿಕೊಳ್ಳುವ 'ಬ್ಲಾಕೇಜ್' ಬೇರೆ, ಇದು ಬೇರೆ. ಅದು ಕೊಳಾಯಿಯ ತೊಂದರೆ, ಇದು ವೈರಿಂಗಿನದು.

ಮೇಲಿನಿಂದ ಸಂಕೇತ ಬಾರದಿದ್ದರೆ ಎ.ವಿ. ನೋಡ್ ಬಳಿಯ ಕೋಶಗಳು ನಿಮಿಷಕ್ಕೆ 40-60ರಂತೆ, ಅವೂ ಕೈಕೊಟ್ಟರೆ ಕೆಳಕೋಣೆಗಳು 20-40ರಂತೆ ತಾವೇ ತಾಳ ಹಾಕುತ್ತವೆ. ಸಾಫ್ಟ್‌ವೇರಿನವರಾದ ನಾವು 'ಬ್ಯಾಕಪ್' ಎಂದು ಬೀಗುವುದನ್ನು ಪ್ರಕೃತಿ ಎಂದೋ ಮಾಡಿಟ್ಟಿದೆ ನೋಡಿ! ಆದರೆ ಆ ಮಂದಗತಿ ಮಿದುಳಿಗೆ ಸಾಲದು. ತಲೆಸುತ್ತು, ದಣಿವು, ಕೆಲವೊಮ್ಮೆ ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು ಇದರಿಂದಲೇ.

ಸ್ವೀಡನ್ನಿನ ಆರ್ನೆ ಲಾರ್ಸನ್ ಹೀಗೆ ಪದೇ ಪದೇ ಎಚ್ಚರ ತಪ್ಪಿ ಬೀಳುತ್ತಿದ್ದರು. 1958ರ ಅಕ್ಟೋಬರ್ 8ರಂದು, ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ವೈದ್ಯ ಓಕೆ ಸೆನಿಂಗ್ ಅವರ ದೇಹದೊಳಗಿಟ್ಟರು. ಮನುಷ್ಯನ ಮೈಯೊಳಗೆ ಪೂರ್ತಿಯಾಗಿ ಅಳವಡಿಸಿದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ನಿಂತೂ ಹೋಯಿತು! ಆದರೆ ಲಾರ್ಸನ್ ನಿಲ್ಲಲಿಲ್ಲ. ಒಂದಾದ ಮೇಲೊಂದರಂತೆ 26 ಪೇಸ್‌ಮೇಕರುಗಳನ್ನು ಕಂಡು, 2001ರಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು.

ವಯಸ್ಸಾದಂತೆ ಈ ವೈರಿಂಗ್ ಸವೆಯುವುದು ಸಾಮಾನ್ಯ. ನಾವಿಲ್ಲಿ, ಹೆತ್ತವರು ಅಲ್ಲಿ. ಫೋನಿನಲ್ಲಿ ಅಮ್ಮ "ಕಣ್ಣು ಕತ್ತಲೆ ಬಂತು, ಪಿತ್ತ ಇರಬೇಕು ಬಿಡು" ಎಂದರೆ ಬಿಟ್ಟುಬಿಡಬೇಡಿ. ವೈದ್ಯರಿಗೆ ತೋರಿಸಿ, ಇ.ಸಿ.ಜಿ. ಮಾಡಿಸಲು ಹೇಳಿ. ಬಂದು ಹೋಗುವ ತೊಡಕು ಅಷ್ಟರಲ್ಲಿ ಸಿಕ್ಕದಿರಬಹುದು. ಅದಕ್ಕೆಂದೇ 24 ಗಂಟೆ ದಾಖಲಿಸುವ ಹೋಲ್ಟರ್ ಪರೀಕ್ಷೆಯಿದೆ. ಎಚ್ಚರ ತಪ್ಪಿ ಬಿದ್ದರಂತೂ ಅಂದೇ ಆಸ್ಪತ್ರೆಗೆ ಹೋಗಲಿ, ನಾಳೆ ಎನ್ನುವುದು ಬೇಡ.